ಬಿಟ್ಟ ಗಾಳಿಕುಂಚವನ್ನು ಮತ್ತೆ ಹಿಡಿದಾಗ

ಬಹುಕಾಲ ಕೈಬಿಟ್ಟಿದ್ದ ವಿದ್ಯೆಯೊಂದನ್ನು ಮತ್ತೆ ಹಿಡಿಯಲು ಸಾಧ್ಯವೆ? ಸಾಧ್ಯವಾದರೆ ಎಲ್ಲಿಂದ ಆರಂಭಿಸಬೇಕು? ಬಿಟ್ಟ ಜಾಗದಿಂದಲೋ, ಮೊದಲ ಪಾಠದಿಂದಲೋ? ವೀಣೆಯನ್ನು ಗವಸಿನೊಳಗೆ ಇಟ್ಟವರು, ಸಂಸಾರದ ಹೊಣೆ ಬಂದ ಮೇಲೆ ಗೆಜ್ಜೆ ಬಿಚ್ಚಿಟ್ಟವರು, ನೌಕರಿಗೆ ಸೇರಿ ಕುಂಚ ತೊಳೆದಿಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲರೂ ಎಂದಾದರೊಮ್ಮೆ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡಿರುತ್ತಾರೆ. ನಾನು ಅದನ್ನು ಹಾಕಿಕೊಂಡದ್ದು ಏರ್‌ಬ್ರಷ್ ಎಂಬ ಉಪಕರಣದ ಸಂದರ್ಭದಲ್ಲಿ. ಇಪ್ಪತ್ತು ವರ್ಷಗಳಿಗೂ ಮೀರಿದ ಬಿಡುವಿನ ನಂತರ ಅದನ್ನು ಮತ್ತೆ ಹಿಡಿದಾಗ ಕೈಯಲ್ಲಿ ಏನು ಉಳಿದಿತ್ತು, ಏನು ಹೋಗಿತ್ತು, ಹೋದದ್ದು ಹೇಗೆ ಮರಳಿತು ಎಂಬುದನ್ನು ಇಂದು ವಿವರಿಸಬೇಕೆಂದಿದ್ದೇನೆ.

ಏರ್‌ಬ್ರಷ್ಷನ್ನು ಕನ್ನಡದಲ್ಲಿ ಗಾಳಿಕುಂಚ ಎನ್ನಬಹುದು. ಹೆಸರಿನಲ್ಲಿ ಕುಂಚವಿದ್ದರೂ ಅದರಲ್ಲಿ ಕೂದಲಿಲ್ಲ. ನೋಡಲು ಒಂದು ದಪ್ಪ ಪೆನ್ನಿನಂತಿರುತ್ತದೆ. ಹಿಂದಿನಿಂದ ಒತ್ತಡದ ಗಾಳಿ ಬರುತ್ತದೆ. ಮೇಲೊಂದು ಪುಟ್ಟ ಬಟ್ಟಲಿನಲ್ಲಿ ಬಣ್ಣವಿರುತ್ತದೆ. ಮುಂದಿನ ಮೂತಿಯಿಂದ ಆ ಬಣ್ಣ ಮಂಜಾಗಿ ಹೊರಬಿದ್ದು ಹಾಳೆಯ ಮೇಲೆ ಕೂರುತ್ತದೆ. ಬರೆಯುವವನು ಹಾಳೆಯನ್ನು ಮುಟ್ಟುವುದೇ ಇಲ್ಲ. ಈ ವಿದ್ಯೆಯ ಸೊಗಸೂ ಕಷ್ಟವೂ ಇರುವುದು ಇದೊಂದು ಮಾತಿನಲ್ಲಿಯೇ.

ಬಣ್ಣವನ್ನು ಊದಿ ಚಿತ್ರ ಮೂಡಿಸುವ ಕಲ್ಪನೆ ಬಹು ಪ್ರಾಚೀನವಾದುದು. ಇಂಡೊನೇಷ್ಯದ ಸುಲವೇಸಿ ದ್ವೀಪದ ಗುಹೆಯೊಂದರಲ್ಲಿ, ಗೋಡೆಯ ಮೇಲೆ ಅಂಗೈಯಿಟ್ಟು ಅದರ ಸುತ್ತ ಬಣ್ಣ ಸಿಂಪಡಿಸಿ ಮೂಡಿಸಿದ ಕೈಗುರುತೊಂದಿದೆ. ಅದಕ್ಕೆ ಕನಿಷ್ಠ 39,900 ವರ್ಷಗಳಾಗಿರಬೇಕೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಆದರೆ ಇದಕ್ಕೊಂದು ಯಂತ್ರ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅಮೆರಿಕದಲ್ಲಿ. ಮುಂದೆ ತನ್ನ ಅವಳಿ ಸೋದರನೊಡನೆ ಉಗಿ ಮೋಟಾರು ತಯಾರಿಸಿ ಹೆಸರಾದ ಫ್ರಾನ್ಸಿಸ್ ಎಡ್ಗರ್ ಸ್ಟಾನ್ಲಿ 1876ರಲ್ಲಿ ಬಣ್ಣ ಸಿಂಪಡಿಸುವ ಸಾಧನವೊಂದಕ್ಕೆ ಹಕ್ಕುಪತ್ರ ಪಡೆದ. 1879ರಲ್ಲಿ ಆಬ್ನರ್ ಪೀಲರ್ ಎಂಬವನು, ಒಡವೆ ಕೆಲಸದ ಅಂಗಡಿಯ ಹಳೆಯ ಬಿಡಿಭಾಗಗಳಿಂದಲೇ ಇನ್ನೊಂದನ್ನು ಕಟ್ಟಿದ. ಅದರ ಹಕ್ಕನ್ನು ಲಿಬರ್ಟಿ ವಾಕಪ್ ಎಂಬವನು ಕೊಂಡು, ತಿದ್ದಿ, ಏರ್‌ಬ್ರಷ್ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದ. 1893ರ ಹೊತ್ತಿಗೆ ಚಾರ್ಲ್ಸ್ ಬರ್ಡಿಕ್ ಎಂಬವನು ರೂಪಿಸಿದ ಮಾದರಿ ಇಂದಿನ ಗಾಳಿಕುಂಚಕ್ಕೆ ಬಹಳ ಸಮೀಪದ್ದು. ಅಲ್ಲಿಂದೀಚೆಗೆ ಲೋಹ ಬದಲಾಗಿದೆ, ನಾಜೂಕು ಹೆಚ್ಚಿದೆ, ಮೂಲತತ್ತ್ವ ಬದಲಾಗಿಲ್ಲ.

ಆ ತತ್ತ್ವ ಸರಳವಾದುದು. ಕಿರಿದಾದ ಮೂತಿಯ ಸುತ್ತ ಗಾಳಿ ವೇಗವಾಗಿ ನುಗ್ಗಿದಾಗ ಮೂತಿಯ ತುದಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದ ಕಡೆಗೆ ಬಣ್ಣ ಸೆಳೆಯಲ್ಪಡುತ್ತದೆ. ಹೊರಬಂದೊಡನೆ ಗಾಳಿ ಅದನ್ನು ನುಚ್ಚುನೂರು ಮಾಡಿ ಒಯ್ಯುತ್ತದೆ. ಮೂತಿಯ ರಂಧ್ರದ ವ್ಯಾಸ ಸಾಮಾನ್ಯವಾಗಿ 0.2ರಿಂದ 0.5 ಮಿಲಿಮೀಟರು. ಅದರೊಳಗೆ ಒಂದು ಉದ್ದನೆಯ ಸೂಜಿ ಕೂತಿರುತ್ತದೆ. ಸೂಜಿ ಹಿಂದೆ ಸರಿದಷ್ಟೂ ಬಣ್ಣದ ದಾರಿ ತೆರೆಯುತ್ತದೆ. ಮೇಲಿನ ಗುಂಡಿಯನ್ನು ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಒಂದೇ ತೋರುಬೆರಳು ಈ ಎರಡು ಕೆಲಸಗಳನ್ನೂ ಏಕಕಾಲದಲ್ಲಿ, ಆದರೆ ಬೇರೆ ಬೇರೆ ಪ್ರಮಾಣದಲ್ಲಿ ಮಾಡಬೇಕು. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಈ ಕ್ರಮ ತಪ್ಪಿದರೆ ಗೆರೆಯ ಎರಡು ತುದಿಗಳಲ್ಲಿಯೂ ಬಣ್ಣದ ಗಂಟು ಬೀಳುತ್ತದೆ. ನನಗೆ ಕಲಿಸಿದ ಹಿರಿಯರು ಮೊದಲ ಒಂದು ತಿಂಗಳು ಇದರ ಹೊರತು ಬೇರೇನನ್ನೂ ಕಲಿಸಲಿಲ್ಲ.

ನಾನು ಈ ಕೆಲಸಕ್ಕೆ ಸೇರಿದ್ದು 1970ರ ದಶಕದ ಕೊನೆಯಲ್ಲಿ. ಆಗ ಗಾಳಿಕುಂಚಕ್ಕೆ ಅನ್ನ ಹುಟ್ಟುತ್ತಿದ್ದುದು ಕಲೆಯಿಂದಲ್ಲ, ತಿದ್ದುವಿಕೆಯಿಂದ. ಅಚ್ಚುಮನೆಗಳಲ್ಲಿ ಚಿತ್ರ ಮುದ್ರಿಸಲು ಬ್ಲಾಕ್ ಮಾಡಿಸಬೇಕಾಗಿತ್ತು. ಬ್ಲಾಕಿನ ಚುಕ್ಕಿಗಳಲ್ಲಿ ಛಾಯಾಚಿತ್ರದ ನಯವಾದ ಛಾಯೆಗಳು ಕಲಸಿಹೋಗುತ್ತಿದ್ದುದರಿಂದ, ಕಳುಹಿಸುವ ಮೊದಲೇ ಚಿತ್ರವನ್ನು ಬೂದುಬಣ್ಣದ ಹಲವು ಹದಗಳಿಂದ ತಿದ್ದಿ ಸ್ಪಷ್ಟಗೊಳಿಸುತ್ತಿದ್ದೆವು. ಪಂಪ್‌ಸೆಟ್ಟಿನ ಜಾಹೀರಾತಿಗೆ ಯಂತ್ರದ ಮೈಮೇಲಿನ ಗೀರು ಹೋಗಬೇಕು. ಸ್ಟುಡಿಯೋದ ದೊಡ್ಡ ಪಟಕ್ಕೆ ಮದುಮಗಳ ಹಿಂದಿನ ಬಿರುಕುಗೋಡೆ ಮಾಯವಾಗಿ ಸಂಜೆಯ ಆಕಾಶ ಬರಬೇಕು. ಕಲಬುರಗಿಯ ಎಸ್. ಎಂ. ಪಂಡಿತರಂಥ (1916-1993) ಕಲಾವಿದರು ಕ್ಯಾಲೆಂಡರಿನ ದೇವತೆಗಳಿಗೆ ತಂದುಕೊಟ್ಟಿದ್ದ ನಯ, ಹೊಳಪುಗಳಿಗೆ ಜನರ ಕಣ್ಣು ಒಗ್ಗಿಹೋಗಿತ್ತು. ಸಾಬೂನಿನ ಜಾಹೀರಾತಿಗೂ ಗಿರಾಕಿಗಳು ಅದೇ ನಯವನ್ನು ಬಯಸುತ್ತಿದ್ದರು. ಕುಂಚದ ಹೆಜ್ಜೆ ಕಾಣದಂತೆ ಒಂದು ಬಣ್ಣವನ್ನು ಇನ್ನೊಂದರೊಳಗೆ ಕರಗಿಸಲು ಗಾಳಿಕುಂಚಕ್ಕಿಂತ ಸುಲಭವಾದ ದಾರಿ ಇರಲಿಲ್ಲ.

ಗುರುತು ಉಳಿಸದೆ ಅಳಿಸುವ ಈ ಶಕ್ತಿಗೆ ಇನ್ನೊಂದು ಮುಖವೂ ಉಂಟು. 1937ರಲ್ಲಿ ಮಾಸ್ಕೋ-ವೋಲ್ಗಾ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿ ನಿಕೊಲಾಯ್ ಯೆಜೋವ್ ನಡೆಯುತ್ತಿರುವ ಛಾಯಾಚಿತ್ರವಿದೆ. 1940ರಲ್ಲಿ ಯೆಜೋವನನ್ನು ಗುಂಡಿಟ್ಟು ಕೊಂದ ಮೇಲೆ ಹೊರಬಂದ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಕಾಣುತ್ತದೆ. ಅಂಥ ಘೋರವಾದುದೇನೂ ನಮ್ಮ ಮೇಜಿಗೆ ಬರುತ್ತಿರಲಿಲ್ಲ. ನಮ್ಮ ಪಾಲಿಗೆ ಬರುತ್ತಿದ್ದುದು ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಸುಕ್ಕು. ಆದರೂ ಇಲ್ಲದುದನ್ನು ಇದೆಯೆಂದೂ ಇದ್ದುದನ್ನು ಇಲ್ಲವೆಂದೂ ತೋರಿಸುವುದೇ ನಮ್ಮ ಕಸುಬಾಗಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಈ ಕಸುಬು ನಿಂತದ್ದು ನಿಧಾನವಾಗಿ. ಆಫ್‌ಸೆಟ್ ಮುದ್ರಣ ಹರಡಿತು. 1990ರಲ್ಲಿ ಫೋಟೋಶಾಪ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ಮಾರುಕಟ್ಟೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ನಮ್ಮ ಊರುಗಳಿಗೂ ಇಳಿಯಿತು. ಅದರೊಳಗೂ ಏರ್‌ಬ್ರಷ್ ಎಂಬ ಹೆಸರಿನ ಸಾಧನವೇ ಇತ್ತು. ನಾವು ಒಂದು ದಿನ ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯತೊಡಗಿತು. ಸರಿಬಾರದಿದ್ದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದಾಗಿತ್ತು. ತೊಂಬತ್ತರ ದಶಕ ಮುಗಿಯುವ ವೇಳೆಗೆ ನನ್ನ ಗಾಳಿಕುಂಚ ಪೆಟ್ಟಿಗೆಯೊಳಗೆ ಸೇರಿತು. ಕೆಲವು ವರ್ಷಗಳ ಕೆಳಗೆ ಅದನ್ನು ಹೊರತೆಗೆದಾಗ ಮೊದಲು ಎದುರಾದದ್ದು ನೆನಪಿನ ಪ್ರಶ್ನೆ: ಕೈಗೆ ಇದು ನೆನಪಿದ್ದೀತೆ?

ನೆನಪಿನ ವಿಷಯದಲ್ಲಿ ವಿಜ್ಞಾನ ಎರಡು ಧೈರ್ಯದ ಮಾತುಗಳನ್ನು ಹೇಳುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಅದರ ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದ. ಪೂರ್ತಿ ಮರೆತಂತೆ ಕಂಡ ಪಾಠವನ್ನು ಎರಡನೆಯ ಸಲ ಕಲಿಯುವಾಗ ಮೊದಲಿಗಿಂತ ಕಡಿಮೆ ಸಮಯ ಸಾಕಾಗುತ್ತಿತ್ತು. ಆ ಉಳಿತಾಯವೇ, ಏನೋ ಒಂದು ಅಂಶ ಒಳಗೆ ಅಳಿಯದೆ ನಿಂತಿತ್ತೆಂಬುದಕ್ಕೆ ಸಾಕ್ಷಿ. ಎರಡನೆಯದು ಅಮೆರಿಕದ ಹೆನ್ರಿ ಮೊಲೈಸನ್ನನ ಕಥೆ. 1953ರಲ್ಲಿ ನಡೆದ ಮೆದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯದಾದವು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯ ಮೇಲೆ ಗೆರೆಯೆಳೆಯುವ ಕೆಲಸವನ್ನು ಆತನಿಂದ ಮಾಡಿಸಿದಳು. ಹಿಂದಿನ ದಿನ ಅದನ್ನು ಮಾಡಿದ್ದೇ ಆತನಿಗೆ ನೆನಪಿರುತ್ತಿರಲಿಲ್ಲ. ಆದರೂ ಕೈ ದಿನದಿಂದ ದಿನಕ್ಕೆ ಪಳಗುತ್ತಿತ್ತು. ಸಂಗತಿಗಳ ನೆನಪು ಬೇರೆ, ಕೈಯ ನೆನಪು ಬೇರೆ ಎಂಬುದು ಅದರಿಂದ ಗೊತ್ತಾಯಿತು. ಹಾಡ್ತಾ ಹಾಡ್ತಾ ರಾಗ ಎನ್ನುವ ನಮ್ಮ ಗಾದೆಗೂ ಇದಕ್ಕೂ ದೂರದ ನೆಂಟಸ್ತಿಕೆ ಇಲ್ಲದಿಲ್ಲ.

ನನ್ನ ಅನುಭವವೂ ಬಹುಮಟ್ಟಿಗೆ ಇದೇ. ತೋರುಬೆರಳಿನ ಒತ್ತು-ಎಳೆತಗಳ ಕ್ರಮ ಮೊದಲ ದಿನವೇ ತಾನಾಗಿ ಬಂದಿತು. ಬಾರದೆ ಹೋದದ್ದು ಹದ. ಎಷ್ಟು ಗಾಳಿಗೆ ಎಷ್ಟು ತೆಳುವಾದ ಬಣ್ಣ, ಎಷ್ಟು ದೂರ, ಎಷ್ಟು ವೇಗ ಎಂಬ ಲೆಕ್ಕ. ಅದು ಬೆರಳಿನದಷ್ಟೇ ಅಲ್ಲ, ಕಣ್ಣು ಕಿವಿಗಳದೂ ಹೌದು. ಮೂತಿ ಶುಭ್ರವಾಗಿದ್ದು ಬಣ್ಣ ಸರಿಯಾಗಿ ಹರಿಯುವಾಗ ಒಂದು ಸಮನಾದ ಸದ್ದು ಕೇಳಿಸುತ್ತದೆ. ಕಟ್ಟಿಕೊಳ್ಳುವ ಮೊದಲು ಆ ಸದ್ದು ಮುಕ್ಕಾಗುತ್ತದೆ. ಹಿಂದೆ ನಾನು ಅದನ್ನು ಗಮನವಿಟ್ಟು ಕೇಳುತ್ತಿರಲಿಲ್ಲ, ಆದರೂ ತಿಳಿಯುತ್ತಿತ್ತು. ಈ ತಿಳಿವು ಮರಳಲು ನಾಲ್ಕೈದು ತಿಂಗಳು ಬೇಕಾಯಿತು. ಆದ್ದರಿಂದ ಆರಂಭದ ಪ್ರಶ್ನೆಗೆ ನನ್ನ ಉತ್ತರ ಇದು: ಮರಳುವವನು ಬಿಟ್ಟ ಜಾಗಕ್ಕೆ ಹೋಗಬಾರದು, ಮೊದಲ ಪಾಠಕ್ಕೆ ಹೋಗಬೇಕು. ಅಲ್ಲಿ ಅವನು ಹೊಸಬನಿಗಿಂತ ಬೇಗ ನಡೆಯುತ್ತಾನೆ, ಆದರೆ ನಡೆಯಲೇಬೇಕು.

ಮೊದಲ ಪಾಠಕ್ಕೂ ಮೊದಲು ಉಪಕರಣದ ಪರೀಕ್ಷೆಯಾಗಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಗಾಳಿಕುಂಚದ ಸೂಜಿ ಒಣಗಿದ ಬಣ್ಣದಿಂದ ಒಳಗೇ ಹಿಡಿದುಕೊಂಡಿರಬಹುದು. ಅದನ್ನು ಬಲವಂತವಾಗಿ ಎಳೆಯದೆ, ತಕ್ಕ ದ್ರಾವಣದಲ್ಲಿ ನೆನೆಯಲು ಬಿಟ್ಟು ಸಡಿಲಿಸಬೇಕು. ಸೂಜಿಯ ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದರೆ, ಕಣ್ಣಿಗೆ ಕಾಣದ ಕೊಕ್ಕೆಯೂ ಉಗುರಿಗೆ ತಿಳಿಯುತ್ತದೆ. ಕೊಕ್ಕೆಯಿದ್ದರೆ ಬಣ್ಣ ಒಂದು ಪಕ್ಕಕ್ಕೆ ಸಿಡಿಯುತ್ತದೆ. ಒಳಗಿನ ರಬ್ಬರ್ ಬಳೆಗಳು ಗಟ್ಟಿಯಾಗಿದ್ದರೆ ಗಾಳಿ ಸೋರಿ ಬಟ್ಟಲಿನಲ್ಲಿ ಗುಳ್ಳೆಗಳೇಳುತ್ತವೆ. ಅವನ್ನು ಬದಲಿಸುವುದೇ ದಾರಿ. ಇನ್ನು ಗಾಳಿಯ ವಿಚಾರ. ಹಿಂದೆ ನಾವು ಹಳೆಯ ರೆಫ್ರಿಜರೇಟರಿನ ಕಂಪ್ರೆಸರನ್ನು ಬಿಚ್ಚಿ ತಂದು ಬಳಸುತ್ತಿದ್ದೆವು. ಈಗ ಇದಕ್ಕೆಂದೇ ಮಾಡಿದ, ತೊಟ್ಟಿಯಿರುವ ಚಿಕ್ಕ ಕಂಪ್ರೆಸರುಗಳು ದೊರೆಯುತ್ತವೆ. ತೊಟ್ಟಿಯಿದ್ದರೆ ಗಾಳಿ ಮಿಡಿಯದೆ ಒಂದೇ ಸಮನೆ ಬರುತ್ತದೆ. ಗಾಳಿಯನ್ನು ಒತ್ತಿ ತುಂಬಿ, ಅದು ತಣಿದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ನೀರು ಕೊಳವೆಯಲ್ಲಿ ಬಂದು ಮುಗಿಯುತ್ತ ಬಂದ ಚಿತ್ರದ ಮೇಲೆ ಹನಿಯಾಗಿ ಬೀಳಬಹುದು. ನಡುವೆ ನೀರು ಹಿಡಿಯುವ ಒಂದು ಬಟ್ಟಲನ್ನು ಕೂಡಿಸಿ, ದಿನವೂ ಅದನ್ನು ಖಾಲಿ ಮಾಡುವುದು ಒಳ್ಳೆಯದು.

ಬಣ್ಣವೂ ಬದಲಾಗಿದೆ. ನಾವು ಬಳಸುತ್ತಿದ್ದ ಪೋಸ್ಟರ್ ಕಲರ್, ಗೌಶ್‌ಗಳು ಒಣಗಿದರೂ ನೀರಿಗೆ ಕರಗುತ್ತಿದ್ದವು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಅಕ್ರಿಲಿಕ್ ಒಮ್ಮೆ ಒಣಗಿದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುತ್ತದೆ. ಬೇಸಗೆಯಲ್ಲಿ ಕೆಲಸದ ನಡುವೆಯೇ ಸೂಜಿಯ ಮೊನೆಯಲ್ಲಿ ಹೆಪ್ಪುಗಟ್ಟುತ್ತದೆ. ಚಿತ್ರದ ದೃಷ್ಟಿಯಿಂದ ಇದು ವರ, ಏಕೆಂದರೆ ಕೆಳಗಿನ ಪದರ ಮೇಲಿನದರೊಡನೆ ಕಲೆಯುವುದಿಲ್ಲ. ಉಪಕರಣದ ದೃಷ್ಟಿಯಿಂದ ಶಿಕ್ಷೆ. ಪ್ರತಿಯೊಂದು ಬಣ್ಣದ ನಂತರವೂ ತೊಳೆಯಬೇಕು. ತೆಳುಮಾಡುವ ಹದಕ್ಕೆ ಹಳೆಯ ಮಾತೇ ಸಾಕು: ಹಾಲಿನಂತಿರಬೇಕು, ಬಟ್ಟಲಿನ ಗೋಡೆಗೆ ತಾಗಿಸಿದರೆ ತೆಳ್ಳನೆಯ ಪದರ ಬಿಟ್ಟು ಜಾರಬೇಕು.

ಇನ್ನು ಅಭ್ಯಾಸ. ಚದರ ಅಂಗುಲಕ್ಕೆ 20 ಪೌಂಡಿನ ಸುಮಾರಿಗೆ ಒತ್ತಡವನ್ನಿಟ್ಟುಕೊಂಡು ಹಳೆಯ ವೃತ್ತಪತ್ರಿಕೆಯ ಮೇಲೆ ಚುಕ್ಕೆಗಳನ್ನಿಡಬೇಕು. ಸಾಲಾಗಿ, ಒಂದೇ ಗಾತ್ರದ ಚುಕ್ಕೆಗಳು. ಆಮೇಲೆ ಚುಕ್ಕೆಗಳನ್ನು ಕೂಡಿಸುವ ಗೆರೆಗಳು. ಆಮೇಲೆ ಸಣ್ಣದಾಗಿ ಹುಟ್ಟಿ ದಪ್ಪವಾಗಿ ಮತ್ತೆ ಸಣ್ಣದಾಗಿ ಮುಗಿಯುವ ಗೆರೆಗಳು. ಮಣಿಕಟ್ಟನ್ನು ತಿರುಗಿಸದೆ ಮೊಣಕೈ, ಭುಜಗಳಿಂದ ಚಲಿಸಬೇಕು. ಮಣಿಕಟ್ಟು ತಿರುಗಿದರೆ ಗೆರೆಯ ನಡುವೆ ಮೂತಿ ಹಾಳೆಗೆ ಹತ್ತಿರವಾಗಿ, ತುದಿಗಳಲ್ಲಿ ದೂರವಾಗುತ್ತದೆ. ದೂರದ ಲೆಕ್ಕ ಮುಖ್ಯವಾದುದು. ಬಣ್ಣದ ಮಂಜು ಶಂಕುವಿನಂತೆ ಹರಡುವುದರಿಂದ, ದೂರ ಎರಡರಷ್ಟಾದರೆ ಅದು ಬೀಳುವ ಜಾಗ ನಾಲ್ಕರಷ್ಟಾಗುತ್ತದೆ. ಛಾಯೆ ಆ ಪ್ರಮಾಣದಲ್ಲಿ ತೆಳುವಾಗುತ್ತದೆ. ಹತ್ತಿರ ಹೋಗಿ ಬಣ್ಣ ಹೆಚ್ಚಾದರೆ ಅದು ಜೇಡನ ಕಾಲಿನಂತೆ ನಾಲ್ಕು ಕಡೆಗೂ ಓಡುತ್ತದೆ. ಬಣ್ಣ ಗಟ್ಟಿಯಾಗಿ ಗಾಳಿ ಸಾಲದಾದರೆ ಮರಳು ಎರಚಿದಂತೆ ಕಾಣುತ್ತದೆ. ಈ ಎರಡರ ನಡುವಿನ ದಾರಿ ಸಿಕ್ಕಿದ ಮೇಲೆ ಒಂದು ಗೋಲವನ್ನು ಬರೆಯಬೇಕು. ತೊಳೆದ ಎಕ್ಸ್-ರೇ ಹಾಳೆಯಲ್ಲಿ ವೃತ್ತವನ್ನು ಕತ್ತರಿಸಿ, ಆ ತೂತಿನ ಮೂಲಕ ಅಂಚಿನಿಂದ ಒಳಕ್ಕೆ ಛಾಯೆ ಕೂಡುತ್ತ, ಬೆಳಕು ಬಿದ್ದ ಜಾಗದಲ್ಲಿ ಹಾಳೆಯ ಬಿಳುಪನ್ನು ಹಾಗೆಯೇ ಬಿಡುತ್ತ ಹೋದರೆ ವೃತ್ತ ಉಬ್ಬಿ ಚೆಂಡಾಗುತ್ತದೆ. ಗಾಳಿಕುಂಚದ ವಿದ್ಯೆಯೆಲ್ಲ ಆ ಚೆಂಡಿನಲ್ಲಿದೆ ಎಂದರೂ ತಪ್ಪಾಗಲಾರದು.

ಮರಳುವವನ ದೇಹವೂ ಅಂದಿನದಲ್ಲ. ನಲವತ್ತರ ನಂತರ ಕಣ್ಣಿನ ಮಸೂರ ಬಿರುಸಾಗುವುದರಿಂದ ಹತ್ತಿರದ ವಸ್ತು ಮಸುಕಾಗುತ್ತದೆ. ಓದುವ ಕನ್ನಡಕದ ದೂರ ಮತ್ತು ಕೆಲಸದ ದೂರ ಒಂದೇ ಆಗಿರುವುದಿಲ್ಲ. ಕೆಲಸದ ದೂರಕ್ಕೆಂದೇ ಬೇರೊಂದು ಕನ್ನಡಕ ಮಾಡಿಸಿಕೊಳ್ಳುವುದು ಲೇಸು. ಕೈ ನಡುಗಿದರೆ ಬಲಗೈಗೆ ಎಡಗೈಯ ಆಸರೆ ಕೊಡಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಉಸಿರು. ಈ ಮಂಜಿನ ಅತಿ ಸಣ್ಣ ಕಣಗಳು ಹಾಳೆಗೆ ಹತ್ತದೆ ಗಾಳಿಯಲ್ಲಿ ತೇಲುತ್ತ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಕೆಲವು ಹಳದಿ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಮ್, ಸೀಸಗಳಿರುತ್ತವೆ. ಕುಂಚದಲ್ಲಿ ಬಳಸುವಾಗ ಇವುಗಳ ಅಪಾಯ ಕಡಿಮೆ. ಮಂಜಾಗಿ ಉಸಿರಿಗೆ ಸೇರಿದಾಗ ಹೆಚ್ಚು. ನಮ್ಮ ಕಾಲದಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿದವನೇ ಎಚ್ಚರದವನು ಎನಿಸುತ್ತಿದ್ದ. ಕರವಸ್ತ್ರ ಸಾಲದು. ನೀರಿನ ಬಣ್ಣಗಳಿಗೆ ಎನ್-95 ದರ್ಜೆಯ ಮುಖಗವಸು, ಥಿನ್ನರ್ ಬೆರೆತ ಬಣ್ಣಗಳಿಗೆ ಆವಿಯನ್ನು ಹೀರುವ ಡಬ್ಬಿಯುಳ್ಳ ಮುಖಗವಸು, ಎರಡಕ್ಕೂ ಹೊರಕ್ಕೆ ಗಾಳಿ ಎಳೆಯುವ ಫ್ಯಾನು ಬೇಕು. ಮೋಟಾರು ಗಾಡಿಗಳಿಗೆ ಬಳಿಯುವ, ಗಟ್ಟಿಕಾರಕ ಬೆರೆಸುವ ಬಣ್ಣಗಳನ್ನಂತೂ ಮನೆಯ ಕೋಣೆಯಲ್ಲಿ ಸಿಂಪಡಿಸಲೇಬಾರದು. ಹಳೆಯ ಕೆಲಸಗಾರರು ಮರಳುವಾಗ ಹಳೆಯ ರೂಢಿಗಳಲ್ಲಿ ಯಾವುದನ್ನು ಬಿಡದಿದ್ದರೂ ಇದೊಂದನ್ನು ಬಿಡಬೇಕು.

ಇಷ್ಟೆಲ್ಲ ಏಕೆ, ಕಂಪ್ಯೂಟರ್ ಇರುವಾಗ ಎಂದು ಕೇಳಬಹುದು. ತಿದ್ದುವಿಕೆಗಾಗಿಯಾದರೆ ಖಂಡಿತ ಬೇಡ. ಆ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ. ಅದು ಆ ಹೊರೆಯನ್ನು ಹೊತ್ತುಕೊಂಡದ್ದರಿಂದಲೇ ಗಾಳಿಕುಂಚ ಬಿಡುಗಡೆ ಹೊಂದಿತು ಎಂಬುದು ನನ್ನ ಭಾವನೆ. ವಾಣಿಜ್ಯ ಚಿತ್ರಗಳಿಗಾಗಿ ಗಾಳಿಕುಂಚ ಹಿಡಿದಿದ್ದ ಮ್ಯಾನ್ ರೇ, 1918ರ ಸುಮಾರಿಗೆ ಅದನ್ನೇ ತನ್ನ ಸ್ವಂತ ಚಿತ್ರಗಳಿಗೆ ತಿರುಗಿಸಿದ. ಮೇಲ್ಮೈಯನ್ನು ಮುಟ್ಟದೆ ಚಿತ್ರ ಬರೆಯುವುದರ ಹರ್ಷವನ್ನು ಆತ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ನಾನು ಮ್ಯಾನ್ ರೇ ಅಲ್ಲ. ಆದರೆ ಗಿರಾಕಿಯಿಲ್ಲದೆ ಈ ಉಪಕರಣವನ್ನು ಹಿಡಿಯುವುದು ಹೇಗಿರುತ್ತದೆ ಎಂಬುದನ್ನು ತಿಳಿಯಲು ನನಗೆ ಅರವತ್ತು ವರ್ಷ ದಾಟಬೇಕಾಯಿತು.

ಈಗ ನಾನು ಬರೆಯುತ್ತಿರುವುದು ವಯಸ್ಸಾದವರ ಮುಖಗಳನ್ನು. ಗಾಳಿಕುಂಚಕ್ಕೆ ಸುಕ್ಕು ಬರೆಯುವುದು ಬಹಳ ಕಷ್ಟ. ಕರಗಿಸುವುದು ಅದರ ಸ್ವಭಾವ. ಸುಕ್ಕಿನ ಒಂದು ಅಂಚು ಚೂಪಾಗಿಯೂ ಇನ್ನೊಂದು ಮೃದುವಾಗಿಯೂ ಇರುತ್ತದೆ. ಕತ್ತರಿಸಿದ ಹಾಳೆಯನ್ನು ಚಿತ್ರಕ್ಕೆ ಒತ್ತಿ ಹಿಡಿದು ಸಿಂಪಡಿಸಿದರೆ ಚೂಪು ಅಂಚು ಬರುತ್ತದೆ. ಅದನ್ನೇ ಒಂದೆರಡು ಮಿಲಿಮೀಟರು ಮೇಲೆತ್ತಿ ಹಿಡಿದರೆ ಮಂಜು ಅಡಿಗೆ ನುಸುಳಿ ಮೃದು ಅಂಚು ಬರುತ್ತದೆ. ಒಂದು ಹಣೆಗೆ ಇಂಥ ಮೂವತ್ತು-ನಲವತ್ತು ಹಾಳೆಗಳು ಬೇಕಾಗುತ್ತವೆ. ಅಂದು ಅಳಿಸಿ ಕೂಲಿ ಪಡೆಯುತ್ತಿದ್ದ ಗೆರೆಗಳನ್ನೇ ಇಂದು ಒಂದೊಂದಾಗಿ ಕೂಡಿಸಲು ಕಲಿಯುತ್ತಿದ್ದೇನೆ. ಬಿಟ್ಟ ಜಾಗಕ್ಕೇ ಮರಳಿದ್ದರೆ ಈ ಪಾಠ ನನಗೆ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಈ ಕೆಲಸವನ್ನು ನಾವು ಹಿರಿಯರ ಪಕ್ಕದಲ್ಲಿ ನಿಂತು, ಅವರ ಕೈ ನೋಡಿ, ಸದ್ದು ಕೇಳಿ ಕಲಿತೆವು. ಇಂದು ಗಾಡಿಗಳ ಮೇಲೆ, ಪುಟ್ಟ ಮಾದರಿ ವಿಮಾನಗಳ ಮೇಲೆ, ಕೇಕುಗಳ ಮೇಲೆ ಕೂಡ ಗಾಳಿಕುಂಚ ಹಿಡಿಯುವ ಹುಡುಗ-ಹುಡುಗಿಯರಿದ್ದಾರೆ. ಅವರಿಗೆ ಒಳ್ಳೆಯ ಉಪಕರಣವಿದೆ, ಒಳ್ಳೆಯ ಬಣ್ಣವಿದೆ; ಹದ ಹೇಳಿಕೊಡುವ ಹಿರಿಯರು ಕಡಿಮೆ. ಅಚ್ಚುಮನೆಗಳಲ್ಲಿ, ಸ್ಟುಡಿಯೋಗಳಲ್ಲಿ ಈ ವಿದ್ಯೆ ಕಲಿತು ಬಿಟ್ಟವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಕೇಳುತ್ತಿದ್ದರೆ, ಪೆಟ್ಟಿಗೆಯನ್ನು ಹೊರತೆಗೆದು, ಸೂಜಿಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಲಿ. ಚೆಂಡು ಸರಿಯಾಗಿ ಉಬ್ಬುವ ಹೊತ್ತಿಗೆ, ಪಕ್ಕದಲ್ಲಿ ನಿಂತು ನೋಡಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆಯಲಿ.